ಎಳೆದರೆ ಉದ್ದವಾಗದ ಹಿಟ್ಟು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸುತ್ತಿದ್ದ ನನ್ನನ್ನು ಸೋಲಿಸಿದ್ದು ಆರು ವರ್ಷದ ಹುಡುಗಿ. ಅದೂ ಒಂದು ಸ್ಪಂಜಿನ ಚೆಂಡಿಗಾಗಿ.

ತೊಂಬತ್ತರ ದಶಕದ ಕೊನೆ. ಮರಾಠಿ ಸೀಮೆಯ ಮಹಾನಗರದ ಅಂಚು, ಹಡಪಸರದಲ್ಲಿ ಏಳುತ್ತಿದ್ದ ಕಟ್ಟಡವೊಂದರ ನೆಲಮಹಡಿಯಲ್ಲಿ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತಿದ್ದೆ. ಅಂದಿನ ವಿಷಯ: ಬಲ ಬಿದ್ದರೆ ವಸ್ತುವಿನ ಆಕಾರ ಬದಲಾಗುತ್ತದೆ. ಹಳದಿ ಚೆಂಡನ್ನು ಮುಷ್ಟಿಯಲ್ಲಿ ಒತ್ತಿದೆ, ಚಪ್ಪಟೆ. ಬಿಟ್ಟೆ, ಮತ್ತೆ ದುಂಡು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಮಾತ್ರ ಚೆಂಡಿನಿಂದ ಕಣ್ಣು ಕೀಳಲಿಲ್ಲ.

"ನಂಗ ಕೊಡ್ತೀರೇನ್ರಿ, ಅಕ್ಕೋರ?"

"ನಾನು ಹೇಳಿದ್ದರಲ್ಲಿ ಒಂದೇ ಒಂದು ತಪ್ಪು ಹಿಡಿ, ಕೊಡ್ತೇನೆ." ಸವಾಲು ಹಾಕುವುದು ನನ್ನ ಚಟ. "ಈಗ ನೋಡಿ, ಹಿಟ್ಟು ಎಳೆದರೆ ಉದ್ದ ಆಗ್ತದೆ. ಯಾರಾದರೂ ಸ್ವಲ್ಪ ಹಿಟ್ಟು ತನ್ನಿ."

ಅವಳೇ ಓಡಿದಳು. ಪಕ್ಕದ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಂದ ಒಂದು ಮುದ್ದೆ ತಂದಳು. ಎರಡು ತುದಿ ಹಿಡಿದು ಎಳೆದೆ. ಎರಡು ತುಂಡು. ಕೂಡಿಸಿ ಮತ್ತೆ ಎಳೆದೆ. ಮತ್ತೆ ಎರಡು.

ನಮ್ಮದು ಕರಾವಳಿಯ ಕುಟುಂಬ, ಅಪ್ಪನಿಗೆ ಅದೇ ನಗರದ ಸ್ವಾರಗೇಟಿನಲ್ಲಿ ಹೋಟೆಲು. ಹಿಟ್ಟೆಂದರೆ ನನಗೆ ಪರೋಟದ ಮೈದಾ, ಎಳೆದಷ್ಟೂ ಬರುವಂಥದ್ದು. ಇದು ಜೋಳದ್ದು.

"ಮುರೀತಲ್ರಿ!"

"ಮುರಿದರೂ ಆಕಾರ ಬದಲಾಯ್ತಲ್ಲ?"

"ಉದ್ದ ಆಗ್ತದ ಅಂದಿದ್ರಿ. ಎಲ್ಲಿ ಉದ್ದ ಆಗ್ಯದ?"

"ನಾನು ಹೇಳಿದ್ದು ಮೈದಾಹಿಟ್ಟು."

"ಮೈದಾ ಅಂತ ಅಂದೇ ಇಲ್ಲ ನೀವು. ಹೌದಿಲ್ಲೇನ್ರೋ?" ಎಂದು ಹಿಂದಕ್ಕೆ ತಿರುಗಿದಳು.

"ಹೌದ್ರಿ!" ಎಂದಿತು ಇಡೀ ತರಗತಿ. ತೀರ್ಪುಗಾರರೆಲ್ಲ ಎದುರು ಪಕ್ಷದವರೇ ಆದರೆ ವಾದಿಸಿ ಏನು ಫಲ? ಆದರೂ ಸುಮ್ಮನಿರಲಿಲ್ಲ. "ಹಾಗಾದರೆ ಈ ಹಿಟ್ಟಿನ ಆಕಾರ ನೀನೇ ಬದಲಿಸಿ ತೋರಿಸು."

"ಎಳೀಬಾರದ್ರಿ ಇದನ್ನ, ಬಡೀಬೇಕು." ತನ್ನ ಸ್ಲೇಟಿನ ಮೇಲೆ ಹಿಟ್ಟಿಟ್ಟು, ಪುಟ್ಟ ಅಂಗೈಯಿಂದ ಬಡಿಯುತ್ತ ಬಡಿಯುತ್ತ ತಿರುಗಿಸಿದಳು. ಮುದ್ದೆ ಹರಡಿತು, ತೆಳ್ಳಗಾಯಿತು, ಅಂಚು ಅಲ್ಲಲ್ಲಿ ಸೀಳಿದರೂ ರೊಟ್ಟಿಯೇ ಆಯಿತು. ನನ್ನ ಪಾಠವನ್ನೂ ಅವಳೇ ಮುಗಿಸಿದ್ದಳು. ಚೆಂಡು ಕೊಟ್ಟೆ.

ಮುಂದಿನ ಭಾನುವಾರ ಹೊಸ ಮಕ್ಕಳು ಬಂದಿದ್ದರು. ಅವರಿಗೂ ಒತ್ತಿ ತೋರಿಸೋಣವೆಂದು ಅವಳ ಮುಂದೆ ಕೈ ಚಾಚಿದೆ. ಚೆಂಡು ಥಟ್ಟನೆ ಲಂಗದ ಮಡಿಕೆಯೊಳಗೆ ಹೋಯಿತು.

"ಒತ್ತಬ್ಯಾಡ್ರಿ ಅಕ್ಕೋರ, ಆಕಾರ ಕೆಡ್ತದ."

"ಬಿಟ್ಟರೆ ಮತ್ತೆ ದುಂಡಗಾಗ್ತದೆ. ಅವತ್ತು ನೀನೇ ನೋಡಿದ್ದೀಯಲ್ಲ?"

"ಅವತ್ತ ಅದು ನಿಮ್ದಿತ್ರಿ."