ಒಪ್ಪತ್ತಿನ ಮಾತ್ರೆ

ಜಾಮಿಟ್ರಿ ಬಾಕ್ಸಿನಲ್ಲಿ, ಕೋನಮಾಪಕದ ಕೆಳಗೆ, ಮೂರು ಬಿಳಿ ಮಾತ್ರೆಗಳಿದ್ದವು. ಒಂದರ ಅಂಚಿಗೆ ಪೆನ್ಸಿಲ್ಲಿನ ಕಪ್ಪು ಮೆತ್ತಿತ್ತು.

ಅವನ್ನು ನೋಡುವ ಮೊದಲು ಅರ್ಧ ಗಂಟೆಯಿಂದ ಆ ಬಾಕ್ಸಿನ ಹುಡುಗಿಯ ತಂದೆತಾಯಿ ನನ್ನ ಕೋಣೆಯಲ್ಲಿ ಕೂತು ಜಗಳವಾಡುತ್ತಿದ್ದರು. ಓದು ಮುಗಿಸಿದ ಮೊದಲ ವರ್ಷ ನಾನು ಕಿಬ್ಬನಹಳ್ಳಿಯ ಹತ್ತಿರ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ನರ್ಸ್ ಆಗಿದ್ದೆ. ಭಾನುವಾರ ಹೆತ್ತವರು ಬರುವ ದಿನ. ಹುಡುಗಿ ಎಂಟನೇ ತರಗತಿ. ಅವಳಿಗೆ ಫಿಟ್ಸ್ ಇತ್ತು. ತಿಪಟೂರಿನ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಒಂದು ವರ್ಷ ಸುಮ್ಮನಿದ್ದ ಕಾಯಿಲೆ ಆ ತಿಂಗಳು ಎರಡು ಸಲ ಮರಳಿತ್ತು. ಎರಡು ಸಲವೂ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಿದ್ದಳು.

ಆ ವಾರ ನನಗೆ ಎರಡು ಚೀಟಿ ಬಂದಿದ್ದವು. ‘ಮಾತ್ರೆ ತಪ್ಪಿಸಬೇಡಿ’ ಎಂದು ತಾಯಿಯದು. ‘ಇನ್ನು ಮುಂದೆ ಕೊಡಕೂಡದು, ಕೊಟ್ಟರೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ’ ಎಂದು ತಂದೆಯದು. ಎರಡೂ ಒಂದೇ ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು. ಮುಖ್ಯೋಪಾಧ್ಯಾಯಿನಿ ಎರಡನ್ನೂ ಓದಿ, ಚಿಕಿತ್ಸೆ ನಿಲ್ಲಿಸಿದ ಮಗುವನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಲಾಗದು ಎಂದಿದ್ದರು. ಯಾರ ಮಾತು ನಡೆದರೂ ಅವಳ ಓದು ನಿಲ್ಲುತ್ತಿತ್ತು.

“ನುಂಗ್ತಾನೇ ಅವ್ಳೆ, ಬರೋದು ಬತ್ತಾನೇ ಐತೆ. ಇನ್ಯಾಕ್ರೀ ಸಿಸ್ಟರ್ ಅದು?” ಎಂದರು ತಂದೆ. ತಿಪಟೂರಿನಲ್ಲಿ ಅವರದು ಕೊಬ್ಬರಿ ವ್ಯಾಪಾರ. “ಮಗು ಮಂಕಾಗೋಗೈತೆ. ನಾಟಿ ಔಸ್ತಿ ಕೊಡುಸ್ತೀನಿ, ಬುಡಿ.”

“ಅಟ್ಟದ ಕಾಯಾದ್ರೆ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ, ಒಳಗೆ ಕೊಬ್ಬರಿ ಆಗೈತೋ ಇಲ್ವೋ ಹೇಳ್ಬುಡ್ತೀರ,” ಎಂದರು ತಾಯಿ. “ಮಗಳ ತಲೇನೂ ಅಲ್ಲಾಡ್ಸಿ ನೋಡಿದ್ರಾ?”

“ಸುಮ್ಕಿರೇ. ನಿನ್ ಮಾತು ಕೇಳಿ ಕೇಳಿ ಸಾಕಾಯ್ತು.”

“ಮೊದ್ಲು ಮನೇಲಿ ಹಲ್ಲು ಕಚ್ಕಂಡು ಬಿದ್ದಾಗ ಮಡಿಲಿಗೆ ಹಾಕ್ಕಂಡಿದ್ದು ನಾನು. ನೀವು ಮಾರ್ಕೆಟ್ನಾಗಿದ್ರಿ.”

ಅವರ ಮಾತು ನಿಲ್ಲಿಸಲು ನಾನು ದಾಖಲೆ ಪುಸ್ತಕ ತೆರೆದಿಟ್ಟೆ. ದಿನಕ್ಕೆರಡು ಗುರುತು, ಒಂದೂ ತಪ್ಪಿರಲಿಲ್ಲ. ನನ್ನ ಅಚ್ಚುಕಟ್ಟಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಪುಸ್ತಕ ತಂದೆಯ ಮಾತಿಗೇ ಸಾಕ್ಷಿಯಾಯಿತು.

“ನೋಡಿ, ನೀವೇ ಬರ್ದಿದೀರ. ಒಂದಿನಾನೂ ಬುಟ್ಟಿಲ್ಲ. ಆದ್ರೂ ಬಂತು.”

ಬಾಗಿಲ ಬಳಿ ನಿಂತಿದ್ದ ಹುಡುಗಿ ಸದ್ದಿಲ್ಲದೆ ಹೊರಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಜಾಮಿಟ್ರಿ ಬಾಕ್ಸಿತ್ತು. ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು, ಕೋನಮಾಪಕವನ್ನು ಪಕ್ಕಕ್ಕೆ ಸರಿಸಿದಳು.

“ಯಾವತ್ತಿನವು ಇವು?”

“ಸೋಮವಾರದ್ವು ಸಿಸ್ಟರ್. ಸೋಮವಾರ ನಂಗೆ ಒಪ್ಪತ್ತು. ಸಂಜೆ ಒಂದೇ ಊಟ.”

“ಅದಕ್ಕೆ?”

“ನೀವೇ ಬರ್ದಿದೀರಲ್ಲ, ಊಟ ಆದ ಮೇಲೆ ಅಂತ.”

ಮಾತ್ರೆಯ ಕವರಿನ ಮೇಲೆ ಆ ಮಾತು ನನ್ನ ಕೈಬರಹದಲ್ಲೇ ಇತ್ತು, ಕೆಳಗೆ ಗೆರೆ ಎಳೆದು. ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಮಾತ್ರೆಯನ್ನು ಅವಳ ಅಂಗೈಗೆ ಹಾಕಿ ಪುಸ್ತಕದಲ್ಲಿ ಗುರುತು ಮಾಡುತ್ತಿದ್ದೆ. ಬಾಯಿಗೆ ಹೋಯಿತೇ ಎಂದು ನೋಡಿದವಳಲ್ಲ, ಸೋಮವಾರ ಅವಳು ತಟ್ಟೆ ಹಿಡಿಯದಿದ್ದುದನ್ನೂ ಗಮನಿಸಿರಲಿಲ್ಲ. ಅವಳು ಬಿದ್ದ ಎರಡೂ ದಿನ ಮಂಗಳವಾರ. ಅದು ನನ್ನ ಪುಸ್ತಕದಲ್ಲೇ ಇತ್ತು. ಆ ಮಾತ್ರೆ ತಪ್ಪಿದ್ದರಿಂದಲೇ ಬಿದ್ದಳೆಂದು ಇಂದಿಗೂ ಖಚಿತವಾಗಿ ಹೇಳಲಾರೆ. ತಪ್ಪಿದ್ದಂತೂ ನಿಜ.

“ಸೋಮವಾರ ಹಿಡ್ಸಿದ್ದು ನಾನೇ,” ಎಂದರು ತಾಯಿ, ಮೆಲ್ಲಗೆ. “ಈ ತಿಂಗ್ಳಿಂದ. ಫಿಟ್ಸು ಪೂರಾ ಹೋಗ್ಲಿ ಅಂತ.”

ತಂದೆ ಹಂಗಿಸುತ್ತಾರೆಂದು ಕಾದೆ. ಅವರು ಒಂದು ಮಾತ್ರೆಯನ್ನು ಎತ್ತಿಕೊಂಡು, ಅಂಚಿನ ಕಪ್ಪನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೆ ಬಾಕ್ಸಿನೊಳಗಿಟ್ಟರು.

“ತಪ್ಪು ನನ್ನದು,” ಎಂದೆ. ಆಮೇಲೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಬೆಳಗಿನ ಮಾತ್ರೆ ಯಾವ ಕಾರಣಕ್ಕೂ ತಪ್ಪಬಾರದು, ಹಸಿದಿರುವುದೂ ಅವಳಿಗೆ ಒಳ್ಳೆಯದಲ್ಲ ಎಂದರು ಅವರು. ಬಂದು ಹಾಗೆಯೇ ಹೇಳಿದೆ.

“ಮಾತ್ರೆ ನುಂಗಿದ್ರೆ ಒಪ್ಪತ್ತು ಮುರಿಯಲ್ವಾ?” ತಾಯಿ ಕೇಳಿದ್ದು ನನ್ನನ್ನಲ್ಲ, ಗಂಡನನ್ನು.

“ಔಸ್ತಿ ಊಟ ಅಲ್ಲ ಕಣೇ. ಹಾಲು, ಬಾಳೆಹಣ್ಣು ಒಪ್ಪತ್ತಿಗೆ ನಡೀತದೆ. ಅದನ್ನ ತಿಂದೇ ನುಂಗ್ಲಿ.” ಅವರು ನನ್ನ ಕಡೆ ತಿರುಗಿದರು. “ಒಂದು ತಿಂಗಳು ನೋಡನ ಸಿಸ್ಟರ್. ಅಲ್ಲೀಗಂಟ ಇಲ್ಲೇ ಇರ್ಲಿ. ಈ ಸಲ ಕೈಗಲ್ಲ, ಬಾಯಿಗೆ ಹಾಕಿ.”

ಹುಡುಗಿ ಬಾಕ್ಸು ಮುಚ್ಚಿ ಎದೆಗೊತ್ತಿಕೊಂಡು ಹೊರಟಳು. ಮಾತ್ರೆಗಳನ್ನು ತೆಗೆದುಕೊಂಡಿಲ್ಲವೆಂದು ನೆನಪಾಗಿ ಅವಳನ್ನು ವಾಪಸ್ ಕರೆಯಬೇಕಾಯಿತು.

ಮರುದಿನ ಸೋಮವಾರ. ಬೆಳಿಗ್ಗೆ ತಿಂಡಿಯ ಗಂಟೆಗೆ ಮೊದಲೇ ಅವಳನ್ನು ಕೋಣೆಗೆ ಕರೆದು ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟೆ. ಹೊಸ ಕವರಿನ ಮೇಲೆ ‘ಬೆಳಿಗ್ಗೆ ಏಳೂವರೆ, ಸಂಜೆ ಏಳೂವರೆ’ ಎಂದಷ್ಟೇ ಬರೆದಿದ್ದೆ. ಅವಳು ಮಾತ್ರೆ ನುಂಗಿ, ನಾನು ಕೇಳದಿದ್ದರೂ ಬಾಯಿ ತೆರೆದು ತೋರಿಸಿದಳು. ಅವಳು ಹೋದ ಮೇಲೆ ಪುಸ್ತಕದಲ್ಲಿ ಹಿಂದಿನ ಮೂರು ಸೋಮವಾರಗಳನ್ನು ಹುಡುಕಿ, ಬೆಳಗಿನ ಗುರುತುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪ್ರತಿಯೊಂದರ ಪಕ್ಕದಲ್ಲೂ ‘ನುಂಗಿಲ್ಲ’ ಎಂದು ಬರೆದು ಸಹಿ ಮಾಡಿದೆ.