ಕೋರೆಹಲ್ಲಿನ ಕುಂಬಳಕಾಯಿಗಳು

ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿ ಕಡೆಯ ಅಕ್ಕ ಪ್ರತಿ ವರ್ಷ, ಮಕ್ಕಳು ವೇಷ ಹಾಕಿ ಚಾಕಲೇಟಿಗೆ ಮನೆಮನೆ ಸುತ್ತುವ ಹ್ಯಾಲೋವೀನಿಗೆ, ಕುಂಬಳಕಾಯಿಗಳಲ್ಲಿ ಮುಖ ಕೆತ್ತುತ್ತಿದ್ದರು. ನೆಲಕ್ಕೆ ಪೇಪರು ಹಾಸಿ, ಹಲಸಿನಹಣ್ಣು ಬಿಡಿಸುವವರ ಹಾಗೆ ಕೈಗೆ ಎಣ್ಣೆ ಸವರಿಕೊಂಡು ಕೂರುತ್ತಿದ್ದರು. ಎಲ್ಲ ಮುಖಕ್ಕೂ ಕೋರೆಹಲ್ಲು, ತುಟಿಯಂಚಿಗೆ ಬೀಟ್‌ರೂಟಿನ ರಸ. "ಹೆದರಿಕೆ ಆಗ್ಬೇಕು ಮಾರಾಯ್ರೆ, ಚಂದ ಕಾಣುದು ಬೇಡ" ಅನ್ನುತ್ತಿದ್ದರು.

ರಕ್ತ ಹೀರುವ ವ್ಯಾಂಪೈರೇ ಬೇಕೆಂದು ಹಟ ಹಿಡಿದವನು ಅವರ ಮಗ. ರಕ್ತದ ಕಾಯಿಲೆಯ ಅವನಿಗೆ ಆಗಾಗ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಕೊಡಿಸಬೇಕಿತ್ತು. "ಐಯಾಮ್ ಎ ವ್ಯಾಂಪೈರ್ ಟೂ" ಎಂದು ನಗುತ್ತಿದ್ದ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ಹ್ಯಾಲೋವೀನ್ ಬಂದಾಗ, ಆ ಮನೆಗೆ ಹೋಗಬೇಡಿ ಎಂದು ಬೀದಿಯವರೆಲ್ಲ ಮಕ್ಕಳಿಗೆ ಹೇಳಿಟ್ಟೆವು. ಮಕ್ಕಳ ಓಡಾಟ ಮುಗಿದ ಮೇಲೆ ಅಕ್ಕ ಚಾಕಲೇಟಿನ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಈ ಸರ್ತಿಯೂ ಕೆತ್ತಿ ಇಟ್ಟಿದ್ದೇನೆ. ಯಾರೂ ಬರ್ಲೇ ಇಲ್ಲ."

"ನಿಮಗೆ ಬೇಜಾರಾಗತ್ತೇನೋ ಅಂತ, ಅಕ್ಕ..."

"ಅವನೊಬ್ಬ ಇರುದಿಲ್ಲ ಅಂತ ಗೊತ್ತಿತ್ತು. ಉಳಿದವ್ರೂ ಬರುದಿಲ್ಲ ಅಂತ ಗೊತ್ತಿರ್ಲಿಲ್ಲ."

ನನ್ನ ಮಗಳು ಆಗಲೇ ವೇಷ ಕಳಚಿ ಮಲಗಿದ್ದಳು. ನಾನೇ ಅವರ ಜೊತೆ ಹೋಗಿ, ಕುಂಬಳಕಾಯಿಯೊಳಗಿನ ಮೇಣದಬತ್ತಿ ಆರುವವರೆಗೂ ಮೆಟ್ಟಿಲ ಮೇಲೆ ಕೂತೆ.