ಮಗಳು ಉಸಿರು ಹಿಡಿಯುತ್ತಿದ್ದ ದಿನಗಳು

ನನ್ನ ಮಗಳಿಗೆ ಆಗಷ್ಟೇ ಮೂರು ತುಂಬಿತ್ತು. ಅಳಲು ಶುರು ಮಾಡಿದಳೆಂದರೆ ಬಾಯಿ ತೆರೆದೇ ಇರುತ್ತಿತ್ತು, ದನಿ ಮಾತ್ರ ನಿಂತುಬಿಡುತ್ತಿತ್ತು. ಮೊದಲು ತುಟಿ ನೀಲಿಗಟ್ಟುವುದು, ಆಮೇಲೆ ಕಣ್ಣು ಮೇಲೆ ಸರಿಯುವುದು, ಆಮೇಲೆ ಮೈ ಪೂರಾ ಸಡಿಲಾಗಿ ನನ್ನ ತೋಳಿನ ಮೇಲೆ ಬೀಳುವುದು. ಅವಳಿಗೆ ಉಸಿರು ಮರಳುವ ತನಕ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಕೆಲಸ. ಅತ್ತೆ ಸೊಂಟದ ಕೀಲಿಗೊಂಚಲು ತೆಗೆದು ಅವಳ ಅಂಗೈಗೆ ಒತ್ತುವರು. ಮಾವ ದೇವರ ಜಗಲಿಯಿಂದ ವಿಭೂತಿ ತಂದು ಹಣೆಗೆ ಹಚ್ಚುವರು. ಮೈದುನ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುವನು. ನನ್ನವರು ಮುಖಕ್ಕೆ ನೀರು ಹೊಡೆಯುವರು. ನಾನು ಅವಳನ್ನು ಎತ್ತಿ ಹಿಡಿದು ಅಲುಗಾಡಿಸುತ್ತಿದ್ದೆ. ಅಷ್ಟರಲ್ಲಿ ಅವಳು ಒಮ್ಮೆ ಉದ್ದಕ್ಕೆ ಉಸಿರೆಳೆದು ಕಣ್ಣು ಬಿಡುವಳು. ಯಾರು ಮಾಡಿದ್ದರಿಂದ ಬಿಟ್ಟಳು ಅನ್ನುವ ವಾದ ಆಮೇಲೆ ಚಹಾ ಕುಡಿಯುತ್ತ ನಡೆಯುವುದು. ಕೀಲಿಯೇ ಅನ್ನುತ್ತಿದ್ದರು ಅತ್ತೆ. ಮಾವ ವಾದಕ್ಕೆ ಇಳಿಯದೆ ವಿಭೂತಿ ಗಟ್ಟಿಯನ್ನು ಮತ್ತೆ ಜಾಗದಲ್ಲಿಟ್ಟು ಬರುತ್ತಿದ್ದರು.

ಹುಬ್ಬಳ್ಳಿಯ ಮಕ್ಕಳ ಡಾಕ್ಟರಿಗೆ ತೋರಿಸಿದ್ದೆವು. ಅವರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ಫಿಟ್ಸ್ ಅಲ್ಲ, ಸಿಟ್ಟು ಬಂದಾಗ ನೋವಾದಾಗ ಕೆಲವು ಮಕ್ಕಳು ಹೀಗೆ ಉಸಿರು ಹಿಡಿಯುತ್ತವೆ, ತಾನಾಗಿಯೇ ಬಿಡುತ್ತವೆ, ಒಂದು ಮಗ್ಗುಲಿಗೆ ಮಲಗಿಸಿ ಕಾಯಿರಿ, ದೊಡ್ಡವಳಾದ ಹಾಗೆ ಹೋಗುತ್ತದೆ ಅಂದಿದ್ದರು. ರಕ್ತ ಕಡಿಮೆಯಿದೆಯೆಂದು ಒಂದು ಟಾನಿಕ್ಕು ಬರೆದುಕೊಟ್ಟರು. ಇಂಜೆಕ್ಷನ್ ಮಾಡದೆ ಕಳಿಸಿದ ಡಾಕ್ಟರ ಮೇಲೆ ಅತ್ತೆಗೆ ನಂಬಿಕೆ ಕೂರಲಿಲ್ಲ. ಕಾಯಿರಿ ಅಂತ ಹೇಳಲಿಕ್ಕೆ ದವಾಖಾನೆಯೇ ಬೇಕಾಗಿತ್ತೇ ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದರು.

ಅವರ ನಂಬಿಕೆ ಗಬ್ಬೂರಿನಲ್ಲಿತ್ತು. ಅಲ್ಲಿ ಬೈಪಾಸಿನ ಹತ್ತಿರ ಒಬ್ಬ ಮುದುಕಿ ಇದ್ದಳು. ಹೀಗೆ ಉಸಿರು ಹಿಡಿಯುವ ಮಕ್ಕಳಿಗೆ ಬಳೆಯ ಚೂರು ಕೆಂಡದಲ್ಲಿ ಕಾಯಿಸಿ ಹೊಟ್ಟೆಯ ಮೇಲೆ ಚುಟಿಗೆ ಹಾಕುತ್ತಿದ್ದಳು. ಒಮ್ಮೆ ಸುಟ್ಟರೆ ಮತ್ತೆ ಆ ಕಾಟ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ನನ್ನವರ ಹೊಕ್ಕುಳಿನ ಸುತ್ತ ನಾಲ್ಕು ಗುರುತುಗಳಿವೆ. ಅವು ಆ ಮುದುಕಿಯ ಅತ್ತೆಯ ಕೈಯವು. ಮದುವೆಯಾದ ಹೊಸದರಲ್ಲಿ ಇದೇನೆಂದು ಕೇಳಿದ್ದಕ್ಕೆ, ಸಣ್ಣವನಿದ್ದಾಗ ಹಾಕಿಸಿದ್ದು ಎಂದಷ್ಟೇ ಹೇಳಿ ಬನಿಯನ್ನು ಕೆಳಗೆ ಎಳೆದುಕೊಂಡಿದ್ದರು. ಮುಂದೆ ನಾನೂ ಕೇಳಲಿಲ್ಲ. ಈಗ ಮಗಳಿಗೆ ಜಳಕ ಮಾಡಿಸುವಾಗ ಅವಳ ಹೊಟ್ಟೆಯ ಮೇಲೆ ಕೈ ಹೋದರೆ ಸಾಕು, ಆ ಗುರುತುಗಳು ಕಣ್ಣ ಮುಂದೆ ಬರುತ್ತಿದ್ದವು.

ಅದು ನವನಗರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ. ಹಾಕಿಸಿದವನು ಮೈದುನ. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರು, ಅದಕ್ಕೆ ಅತ್ತೆಯೇ ಹಳೆಯ ಸೀರೆಯಿಂದ ಹೊಲಿದ ಮುಸುಕು. ಸಣ್ಣ ಮಕ್ಕಳ ತಂದೆತಾಯಂದಿರಿಗೆ ಕನ್ನಡದಲ್ಲೇ ಒಂದು ಆನ್‌ಲೈನ್ ಕ್ಲಾಸು ಇದೆಯೆಂದು ಅವನೇ ಹುಡುಕಿ ಹೇಳಿದ. ಶನಿವಾರ ಮಧ್ಯಾಹ್ನ, ಆರು ವಾರ, ಮನೆಯಲ್ಲಿ ಕೂತೇ ಕೇಳಬಹುದು. ಪಾಸಿಟಿವ್ ಪೇರೆಂಟಿಂಗ್ ಎಂದು ಅದರ ಹೆಸರು. ಹಾಗೆಂದರೇನು ಎಂದು ಅತ್ತೆ ಕೇಳಿದರು. ಮಕ್ಕಳಿಗೆ ಬೈಯದೆ ಹೊಡೆಯದೆ, ಬೇಡಿದ್ದನ್ನೆಲ್ಲ ಕೊಡದೆಯೂ ಬೆಳೆಸುವುದು ಎಂದು ಅವನು ಬಿಡಿಸಿ ಹೇಳಿದ.

"ಹೊಡೀನೂಬಾರದು, ಕೊಡನೂಬಾರದು. ಮತ್ತ ಏನ ಮಾಡಬೇಕಂತ, ಆರತಿ ಎತ್ತಬೇಕಂತೇನು?" ಅಂದರು ಅತ್ತೆ.

ನನಗೂ ನಗು ಬಂತು. ಆದರೆ ಅವರು ಆಮೇಲೆ ನನ್ನ ಕಡೆ ತಿರುಗಿ ಆಡಿದ ಮಾತು ನಗುವಂಥದ್ದಾಗಿರಲಿಲ್ಲ.

"ಕಲಿಯವ್ವಾ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನ ಈ ಸಾಲಿ ಮುಗಿಯೂದರಾಗ ಕೂಸು ಮತ್ತೊಮ್ಮಿ ಉಸಿರು ಹಿಡೀತಂದ್ರ, ಮುಂದಿನ ಐತವಾರ ಗಬ್ಬೂರಿಗೆ. ಆವಾಗ ನೀ ಅಡ್ಡ ಬರಬಾರದು ನೋಡು."

ನನ್ನವರು ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ತಲೆ ಎತ್ತದೆ "ಆತು" ಅಂದರು. ಯಾರಿಗೆ ಅಂದರೋ ತಿಳಿಯಲಿಲ್ಲ.

ಕ್ಲಾಸಿನಲ್ಲಿ ಮುಖಗಳಿರಲಿಲ್ಲ. ಪರದೆಯ ಒಂದು ಬದಿಗೆ ಸೇರಿದವರ ಹೆಸರು, ಮಾತಾಡುವವರ ಹೆಸರಿನ ಮುಂದೆ ಒಂದು ಸಣ್ಣ ಮೈಕಿನ ಚಿತ್ರ. ಪಾಠ ಹೇಳುವ ಹೆಂಗಸು ಬೆಂಗಳೂರು ಕಡೆಯವರು, ವಯಸ್ಸಾದ ದನಿ, ಅವಸರವಿಲ್ಲದ ಮಾತು. ಅತ್ತೆ ಅವರಿಗೆ, ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ, ಕಂಪ್ಯೂಟರ ಬಾಯಾರು ಎಂದು ಹೆಸರಿಟ್ಟರು. ಮೊದಲು ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಎರಡನೆಯ ವಾರ ಮಗಳು ಅದರ ವೈರು ಕಡಿದು ತುಂಡು ಮಾಡಿದಳು. ಅಲ್ಲಿಂದ ಸ್ಪೀಕರು. ನನ್ನೊಬ್ಬಳ ಪಾಠ ಮನೆಮಂದಿಯ ಪಾಠವಾಯಿತು. ಅತ್ತೆ ನನ್ನ ಹಿಂದೆ ಗೋಡೆಗೆ ಒರಗಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂರುವರು. ಕೇಳುತ್ತಿಲ್ಲ ಅನ್ನುವ ಹಾಗೆ ಅವರ ಮುಖ. ಮಕ್ಕಳಿಗೆ ಹುಕುಂ ಮಾಡಬೇಡಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಿ ಎಂದು ಬಾಯಾರು ಹೇಳಿದ ಮರುದಿನ ಅತ್ತೆ ಜಳಕಕ್ಕೆ ಏಳದೆ ಪೇಪರು ಓದುತ್ತಿದ್ದ ಮಾವನ ಮುಂದೆ ಹೋಗಿ ನಿಂತು, ಬಿಸಿನೀರೋ ತಣ್ಣೀರೋ ನೀವೇ ಆರಿಸಿಕೊಳ್ಳಿರಿ ಅಂದರು. ಮಾವ ಎದ್ದು ಹೋದರು.

ಆದರೆ ಒಳಗೊಳಗೆ ಆ ವಾರಗಳು ಬಹಳ ಬಿಗಿಯಾಗಿದ್ದವು. ಮಗು ಅಳಬಾರದು, ಅತ್ತರೆ ಉಸಿರು ಹಿಡಿಯುತ್ತದೆ, ಹಿಡಿದರೆ ಗಬ್ಬೂರು. ಹಾಗಾಗಿ ಅವಳು ಕೇಳಿದ್ದು ಅವಳ ಕೈಗೆ. ಸಕ್ಕರೆ ಡಬ್ಬಿ ಕೇಳಿದರೆ ಸಕ್ಕರೆ ಡಬ್ಬಿ, ಮಾವನ ಮೂಗಿನ ಮೇಲಿನ ಚಾಳೀಸು ಕೇಳಿದರೆ ಚಾಳೀಸು. ಭಕ್ರಿ ಬೇಡವೆಂದು ತಟ್ಟೆ ನೂಕಿದರೆ ನಾನೇ ಎದ್ದು ಅನ್ನ ಕಲಸಿ ತರುತ್ತಿದ್ದೆ. ಗಬ್ಬೂರಿನ ಹೆದರಿಕೆ ನನಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ. ಶನಿವಾರ ಬಂದರೆ ಬಾಯಾರು ಇದರ ತದ್ವಿರುದ್ಧ ಹೇಳುವರು. ಕೊಡಬಾರದ್ದನ್ನು ಕೊಡಬೇಡಿ, ಅತ್ತರೆ ಹತ್ತಿರ ಕೂತು ಅಳಲು ಬಿಡಿ, ನಿನಗೆ ಸಿಟ್ಟು ಬಂದಿದೆ ಎಂದು ಅವಳ ಸಿಟ್ಟಿಗೆ ಒಂದು ಹೆಸರು ಕೊಡಿ. ಕೇಳಲಿಕ್ಕೆ ಚಂದ. ನಮ್ಮ ಮನೆಯಲ್ಲಿ ಆ ಅಳುವಿನ ಆಚೆ ಕಾದ ಬಳೆ ಇತ್ತು.

ನಾಲ್ಕನೆಯ ವಾರ ಧೈರ್ಯ ಮಾಡಿ ಮೈಕಿನಲ್ಲಿ ಕೇಳಿಯೇಬಿಟ್ಟೆ. ಚುಟಿಗೆಯ ಮಾತು ಎತ್ತಲಿಲ್ಲ, ಅತ್ತೆ ಹಿಂದೆಯೇ ಇದ್ದರು. ಉಸಿರು ಹಿಡಿಯುವುದನ್ನಷ್ಟೇ ಹೇಳಿದೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಬಾಯಾರು ಮೊದಲು ವಿಚಾರಿಸಿದರು. ಹೂಂ ಅಂದೆ. ಹಾಗಾದರೆ ಡಾಕ್ಟರು ಹೇಳಿದಂತೆ ಮಾಡಿ ಅಂದು, ಅವಳು ಅಳುವಾಗ ಹತ್ತಿರ ಯಾರಿರುತ್ತೀರಿ ಎಂದು ಕೇಳಿದರು.

"ಎಲ್ಲಾರೂ ಇರ್ತೇವ್ರಿ," ಅಂದೆ.

ಬಾಯಾರು ಅದೇ ಅವಸರವಿಲ್ಲದ ದನಿಯಲ್ಲಿ ಹೇಳಿದರು.

"ಅಷ್ಟು ಜನ ಗಾಬರಿಯಿಂದ ಓಡಿ ಬಂದರೆ, ತನಗೇನೋ ಆಗೋಗ್ತಿದೆ ಅಂತ ಆ ಮಗುಗೂ ಭಯ ಆಗಲ್ವಾ ಅಮ್ಮ? ಒಬ್ಬರೇ ಇರಿ. ಏನೂ ಮಾಡಬೇಡಿ, ಪಕ್ಕದಲ್ಲಿರಿ."

ಹಿಂದೆ ಮೊರದ ಸದ್ದು ನಿಂತಿತ್ತು. ನಾನು ತಿರುಗಿ ನೋಡಲಿಲ್ಲ.

ಕೊನೆಯ ಶನಿವಾರ ಬಂತು. ಕ್ಲಾಸು ಶುರುವಾದಾಗಿನಿಂದ ಮಗಳು ಒಮ್ಮೆಯೂ ಉಸಿರು ಹಿಡಿದಿರಲಿಲ್ಲ. ಆ ಒಂದು ತಾಸು ದಾಟಿದರೆ ಸಾಕು ಎಂದು ಮುಂಜಾನೆಯಿಂದ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ನನ್ನವರು ಅರ್ಧ ದಿನದ ಕೆಲಸ ಮುಗಿಸಿ ಬಂದು ಒಳಗೆ ಉಣ್ಣುತ್ತಿದ್ದರು. ಮಾವ ಊರಲ್ಲಿರಲಿಲ್ಲ. ಮೈದುನ ಲೈನ್ ಕಡಿಯದಂತೆ ನೋಡಿಕೊಳ್ಳಲು ಕಂಪ್ಯೂಟರ ಹತ್ತಿರವೇ ಕೂತಿದ್ದ. ಬಾಯಾರು ಇನ್ಯಾರದೋ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಏಕೋ ಮಗಳ ದನಿ ಇಲ್ಲವಲ್ಲ ಎಂದು ತಿರುಗಿ ನೋಡಿದರೆ, ಅತ್ತೆಯ ಎಲೆಅಡಿಕೆ ಡಬ್ಬಿ ತೆರೆದಿತ್ತು. ಅಡಕೊತ್ತು ಅವಳ ಕೈಯಲ್ಲಿತ್ತು. ಬಾಯಿ ತೆರೆದ ಅಡಕೊತ್ತಿನ ನಡುವೆ ತನ್ನದೇ ಹೆಬ್ಬೆರಳು ಇಟ್ಟು ನೋಡುತ್ತಿದ್ದಳು.

ಹೋಗಿ ಅವಳ ಮುಂದೆ ಕುಕ್ಕರಿಸಿದೆ. ಬೆರಳು ಬಿಡಿಸಿ ಅಡಕೊತ್ತು ತೆಗೆದುಕೊಂಡೆ. ಕೊಡು ಎಂದು ಕೈ ಚಾಚಿದಳು. ಅತ್ತೆ ಹಿಂದಿನಿಂದ, ಮುಚ್ಚಿ ಕೊಟ್ಟುಬಿಡು, ಅಳತೈತಿ ಅಂದರು. ಮೈದುನ ನನ್ನ ಮುಖ ನೋಡಿದ. ಮುಚ್ಚಿ ಕೊಟ್ಟರೆ ತಾಸು ದಾಟುತ್ತಿತ್ತೇನೋ. ಆದರೆ ತೆರೆಯುವುದನ್ನು ಅವಳು ಕಲಿತಾಗಿತ್ತು.

"ಇದು ಕೊಯ್ತೈತಿ ಅವ್ವಿ. ಕೊಡೂದಿಲ್ಲ. ನಿನಗ ಸಿಟ್ಟು ಬಂದೈತಿ, ಹೌದಿಲ್ಲೋ?" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಬಾಯಿ ತೆರೆಯಿತು. ಒಂದು ಚೀರು ಬಂತು, ಅಷ್ಟೇ. ದನಿ ನಿಂತಿತು. ತುಟಿಯ ಸುತ್ತ ನೀಲಿ ಹರಡತೊಡಗಿತು. ಮೈದುನ ಮೈಕಿನಲ್ಲಿ, ನಮ್ಮ ಕೂಸು ಉಸಿರು ಹಿಡದೈತ್ರಿ ಅಂದ. ಬಾಯಿಯಲ್ಲಿ ಏನೂ ಇಲ್ಲ ತಾನೇ, ಮಗ್ಗುಲಿಗೆ ಮಲಗಿಸಿ, ಉಳಿದವರು ಇದ್ದಲ್ಲೇ ಇರಿ ಎಂದು ಅತ್ತಲಿಂದ ಬಾಯಾರ ದನಿ ಬಂತು. ಮಲಗಿಸಿದೆ. ಕೀಲಿಗೊಂಚಲಿನ ಸದ್ದು ಕೇಳಿ ನೋಡಿದರೆ ಅತ್ತೆ ಎದ್ದಿದ್ದರು. ಅಡಿಗೆಮನೆಯಿಂದ ನನ್ನವರು ನೀರಿನ ತಂಬಿಗೆ ಹಿಡಿದು ಓಡಿ ಬಂದವರು, ನನ್ನನ್ನೂ ಮಗಳನ್ನೂ ನೋಡಿ ನಿಂತರು. ಆಮೇಲೆ ಇನ್ನೊಂದು ಕೈಯನ್ನು ಅತ್ತೆಗೆ ಅಡ್ಡ ಚಾಚಿದರು.

"ಅವ್ವಾ, ನಿಂದ್ರು."

ಫ್ಯಾನು ತಿರುಗುವ ಸದ್ದು. ನನ್ನ ಕೈ ಅವಳ ಬೆನ್ನ ಮೇಲಿತ್ತು, ಅಲುಗಾಡಿಸಬೇಕೆಂದು ತುಡಿಯುತ್ತಿತ್ತು. ಮೈ ಸಡಿಲಾಯಿತು. ಕಣ್ಣು ಮೇಲೆ ಸರಿಯಿತು. ನಾನು ಶಾಲೆಯಲ್ಲಿ ಕಲಿತ ವಚನವೊಂದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ನೋಡಿದೆ, ಮೊದಲ ಸಾಲೇ ನೆನಪಾಗಲಿಲ್ಲ. ಆಗ ಅವಳ ಬೆನ್ನು ನನ್ನ ಕೈಕೆಳಗೆ ಒಮ್ಮೆ ಉಬ್ಬಿತು. ಉಸಿರು ಒಳಗೆ ಹೋಗುವ ಸದ್ದು ಪಡಸಾಲೆಗೆಲ್ಲ ಕೇಳಿತು. ಹಿಂದೆಯೇ ಅಳು.

ಅತ್ತೆ ಗೋಡೆ ಹಿಡಿದು ಕೂತರು. ಕೀಲಿ ಅವರ ಕೈಯಲ್ಲೇ ಇತ್ತು. ತಂಬಿಗೆಯ ನೀರು ಹಾಗೇ ಇತ್ತು.

"ನಾವು ಏನೂ ಮಾಡಲೇ ಇಲ್ಲಲ," ಅಂದರು. ಆಮೇಲೆ ಮಗನ ಕಡೆ ನೋಡಿ, "ನಿನಗೂ ಹಿಂಗ ಬರತಿತ್ತು," ಅಂದರು.

"ನನಗ ನೆನಪಿಲ್ಲವ್ವಾ," ಅಂದು ನನ್ನವರು ತಂಬಿಗೆ ಕೆಳಗಿಟ್ಟರು.

ಕ್ಲಾಸು ಮುಗಿಯಿತು. ಗಬ್ಬೂರಿನ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು. ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ, ಓಣಿಯ ತುದಿಯಲ್ಲಿ ಅತ್ತೆ ಆಟೋದವನ ಜೊತೆ ಮಾತಾಡುತ್ತ ನಿಂತಿದ್ದು ಕಂಡಿತು. ಇಳಿದು ಬಂದವಳೇ ನನ್ನವರಿಗೆ, ಕೂಸನ್ನ ನಾ ಕಳಸೂದಿಲ್ಲ ಅಂದೆ. ಗೊತ್ತಿದೆ, ನಾಳೆ ತಾನೂ ಮನೆಯಲ್ಲೇ ಇರುತ್ತೇನೆ ಅಂದರು. ಅದಕ್ಕಿಂತ ಹೆಚ್ಚಿನ ಮಾತು ಅವರಿಂದ ಬರುವುದಿಲ್ಲವೆಂದು ನನಗೂ ಗೊತ್ತಿತ್ತು.

ಮರುದಿನ ಐತವಾರ ಮುಂಜಾನೆ ಆಟೋ ಬಂದು ಹಾರ್ನ್ ಹೊಡೆಯಿತು. ಮಗಳನ್ನು ಎತ್ತಿಕೊಂಡು ನಾನು ಕಟ್ಟೆಯ ಮೇಲೆ ನಿಂತೆ, ನನ್ನವರು ಬಾಗಿಲಲ್ಲಿ. ಅತ್ತೆ ಇಳಕಲ್ ಸೀರೆ ಉಟ್ಟು ಹೊರಗೆ ಬಂದರು. ಕೈಚೀಲದಲ್ಲಿ ಜೋಳ, ಮೇಲೆ ಕಾಗದದಲ್ಲಿ ಕಟ್ಟಿದ ಬೆಲ್ಲ. ಮಗಳ ಕಡೆಗೆ ಕೈ ಚಾಚಲಿಲ್ಲ.

"ಆ ಮುದುಕಿಗೆ ಹೇಳಿಟ್ಟಿದ್ದೆ, ಯಾವ ಐತವಾರ ಆದ್ರೂ ಬರ್ತೇವಿ ಅಂತ. ಪಾಪ, ಒಲಿ ಹಚ್ಚಿಕೊಂಡು ಹಾದಿ ಕಾಯತಿರತಾಳ. ಹೋಗಿ ಹೇಳಿ ಬರ್ತೇನಿ."

"ಏನಂತ ಹೇಳತೀರಿ ಅತ್ತಿ?"

"ನಮ್ಮ ಕೂಸಿಗೆ ಬ್ಯಾಡ ಅಂತ."

ಅವರು ಆಟೋ ಹತ್ತಿದ್ದೇ ತಡ, ಮಗಳು ನನ್ನ ಸೊಂಟದಿಂದ ಜಾರಿ ಇಳಿದು ಗೇಟಿಗೆ ಓಡಿದಳು. ಆಟೋ ಎಂದರೆ ಅವಳಿಗೆ ಜೀವ. ತಾನೂ ಬರುತ್ತೇನೆಂದು ಗೇಟು ಹಿಡಿದು ಜಗ್ಗಿದಳು. ನಾನು ಅವಳ ಪಕ್ಕ ಮಣ್ಣಿನಲ್ಲೇ ಕೂತೆ. ಆಟೋದಲ್ಲಿ ಹೋಗಬೇಕು ಅನ್ನಿಸಿದೆಯಲ್ಲ, ಇವತ್ತು ಇಲ್ಲ ಎಂದು ಹೇಳಿದೆ. ಬಾಯಿ ತೆರೆಯಿತು. ದನಿ ನಿಂತಿತು. ಆಟೋದವನು ಗಾಬರಿಯಾಗಿ ಅತ್ತೆಯ ಕಡೆ ತಿರುಗಿದ.

ಅತ್ತೆಯ ಒಂದು ಕಾಲು ಆಗಲೇ ಕೆಳಗಿತ್ತು. ಆಟೋದ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಸೊಂಟದ ಕೀಲಿಗೆ ಅವರ ಕೈ ಹೋಗಲಿಲ್ಲ. ಇಳಿಯಲಿಲ್ಲ. ಮಗಳನ್ನೇ ನೋಡುತ್ತ ಹಾಗೇ ಕೂತಿದ್ದರು. ತುಟಿ ನೀಲಿಗೆ ತಿರುಗುವ ಮೊದಲೇ ಅವಳು ಉಸಿರೆಳೆದಳು. ಓಣಿಗೆಲ್ಲ ಕೇಳುವ ಹಾಗೆ ಅತ್ತಳು.

ಅತ್ತೆ ಕಾಲನ್ನು ಒಳಗೆ ತೆಗೆದುಕೊಂಡರು.

"ನಡಿಯೋ ತಮ್ಮಾ," ಅಂದರು.